ಮೀಟರ್ ನೋಡಿ ಶಾಲೆ ಸೇರಿ

ಹೆಬ್ಬಾಳ ದಾಟಿ ದೇವನಹಳ್ಳಿ ಕಡೆ ಹೋಗುವವರು ಮೇಲ್ಸೇತುವೆಯಿಂದ ಬಲಕ್ಕೆ ಕತ್ತು ಹೊರಳಿಸಿದರೆ ಜಕ್ಕೂರಿನ ಬಯಲು, ಹ್ಯಾಂಗರುಗಳ ಬೆನ್ನು, ಅದೃಷ್ಟವಿದ್ದರೆ ಏಳುತ್ತಿರುವ ಒಂದು ಪುಟ್ಟ ವಿಮಾನ ಕಾಣುತ್ತದೆ. ಎಷ್ಟೋ ವರ್ಷ ಆ ದಾರಿಯಲ್ಲಿ ಓಡಾಡಿದರೂ ನಾನು ಒಳಗೆ ಕಾಲಿಟ್ಟವನಲ್ಲ. ಕಳೆದ ತಿಂಗಳು ಅಕ್ಕನ ಮಗಳ ಸಲುವಾಗಿ ಹೋದೆ. ಆ ಬೆಳಿಗ್ಗೆ ಇನ್ನೂ ತಲೆಯಿಂದ ಇಳಿದಿಲ್ಲ.

ಹುಡುಗಿ ಪಿಯುಸಿ ಮುಗಿಸಿದ್ದಾಳೆ. ಪೈಲಟ್ ಆಗಲೇಬೇಕು ಎಂದು ಹಟ. ತಿಪಟೂರಿನ ಮನೆಯ ಜಗಲಿಯಲ್ಲಿ ಮೂರು ಫ್ಲೈಯಿಂಗ್ ಸ್ಕೂಲ್‌ಗಳ ಹೊಳೆಯುವ ಪುಸ್ತಿಕೆಗಳು ಹರಡಿದ್ದವು. ಮೂರರಲ್ಲೂ ಅದೇ ನೀಲಿ ಆಕಾಶ, ಅದೇ ಬಿಳಿ ಅಂಗಿ, ಭುಜದ ಮೇಲೆ ಅದೇ ಚಿನ್ನದ ಪಟ್ಟಿ. ಖರ್ಚು ಮಾತ್ರ ಅರ್ಧ ಕೋಟಿಯ ಆಸುಪಾಸು. ಭಾವ ತೆಂಗಿನ ತೋಟದ ಪತ್ರವನ್ನು ಬ್ಯಾಂಕಿನಲ್ಲಿಡಲು ತಯಾರಾಗಿದ್ದರು. ಒಂದು ಶಾಲೆಯವರಂತೂ ದಿನ ಬಿಟ್ಟು ದಿನ ಫೋನ್ ಮಾಡಿ, ತಿಂಗಳ ಕೊನೆಯೊಳಗೆ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಎನ್ನುತ್ತಿದ್ದರು. ‘ನೀನು ಪೇಪರ್‌ನವನಲ್ವಾ, ಯಾವುದು ಒಳ್ಳೇದು ವಿಚಾರಿಸಿ ಹೇಳೋ’ ಎಂದಳು ಅಕ್ಕ. ಸ್ನೇಹಿತರ ಮೂಲಕ ಒಬ್ಬ ನಿವೃತ್ತ ಇನ್‌ಸ್ಟ್ರಕ್ಟರ್ ಸಿಕ್ಕಿದರು. ಬದುಕಿನ ಬಹುಪಾಲು ಪಕ್ಕದ ಸೀಟಿನಲ್ಲೇ ಕೂತು ಬೇರೆಯವರಿಗೆ ಹಾರಲು ಕಲಿಸಿದವರು. ಅನುಮತಿಯನ್ನೂ ಅವರೇ ಪಡೆದು, ಏಳು ಗಂಟೆಗೆ ಗೇಟಿನ ಬಳಿ ಬನ್ನಿ ಎಂದರು.

ಹ್ಯಾಂಗರ್ ಮುಂದೆ ನಿಂತಿದ್ದ ಸೆಸ್ನಾ 172ರ ರೆಕ್ಕೆಯ ಅಡಿಗೆ ಹುಡುಗಿಯನ್ನು ಕರೆದು, ಕೈಗೊಂದು ಪಾರದರ್ಶಕ ಲೋಟ ಕೊಟ್ಟರು. ರೆಕ್ಕೆಯ ಕೆಳಗಿನ ಕವಾಟ ಒತ್ತಿದರೆ ಇಂಧನ ಸುರಿಯುತ್ತದೆ. ತಿಳಿ ನೀಲಿ ಬಣ್ಣ. ‘ಆಕಾಶಕ್ಕೆ ಹಿಡಿದು ನೋಡಮ್ಮ. ತಳದಲ್ಲಿ ಗುಳ್ಳೆ ತರಹ ಬೇರೆ ಏನಾದರೂ ಕೂತಿದ್ದರೆ ಅದು ನೀರು. ನೀರು ಸೇರಿದರೆ ಇಂಜಿನ್ ಮೇಲೆ ಹೋದಾಗ ಕೆಮ್ಮುತ್ತೆ.’ ಅವಳು ಲೋಟ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಎಡ ರೆಕ್ಕೆಯ ಅಂಚಿನಲ್ಲಿದ್ದ ಸಣ್ಣ ಕಿಂಡಿಗೆ ಕರವಸ್ತ್ರ ಹೊದಿಸಿ, ಬಾಯಿಟ್ಟು ಗಾಳಿ ಎಳೆಯಲು ಹೇಳಿದರು. ಎಳೆದದ್ದೇ ತಡ, ಕಾಕ್‌ಪಿಟ್ ಒಳಗಿನಿಂದ ತುತ್ತೂರಿಯಂಥ ಸದ್ದು! ವಿಮಾನ ತೇಲುವ ಶಕ್ತಿ ಕಳೆದುಕೊಳ್ಳುವ ಮುನ್ನ ಎಚ್ಚರಿಸುವ ಸ್ಟಾಲ್ ವಾರ್ನಿಂಗ್ ಅದು. ‘ಮೊದಲನೇ ದಿನ ಇದನ್ನೆಲ್ಲ ನಿಮ್ಮ ಕೈಯಲ್ಲೇ ಮಾಡಿಸದ ಇನ್‌ಸ್ಟ್ರಕ್ಟರ್ ಹತ್ತಿರ ಕಲಿಯಬೇಡಿ’ ಎಂದರು. ಶಾಲೆ ಆರಿಸುವುದರ ಬಗ್ಗೆ ನಾನು ಕೇಳಿದ ಮೊದಲ ಖಚಿತ ಮಾತು ಇದು.

ಇನ್ನು ಮೀಟರಿನ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಿಮಾನದೊಳಗೆ ಎರಡು ಗಂಟೆಲೆಕ್ಕಗಳಿರುತ್ತವೆ. ಒಂದು ಹಾಬ್ಸ್ ಮೀಟರ್. ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಾಹನಗಳ ಗಡಿಯಾರ ತಯಾರಿಸುತ್ತಿದ್ದ ಜಾನ್ ವೆಸ್ಟನ್ ಹಾಬ್ಸ್ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾಮಾನ್ಯವಾಗಿ ಇಂಜಿನ್ನಿನ ಆಯಿಲ್ ಒತ್ತಡ ಏರಿದೊಡನೆ ಅದು ಓಡಲು ತೊಡಗುತ್ತದೆ. ವಿಮಾನ ನಿಂತೇ ಇರಲಿ, ಹಾರುತ್ತಿರಲಿ, ಅದಕ್ಕೆ ಒಂದು ಗಂಟೆ ಎಂದರೆ ಒಂದು ಗಂಟೆಯೇ. ಇನ್ನೊಂದು ಟ್ಯಾಕೋಮೀಟರ್. ಇದು ಇಂಜಿನ್ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ ಸಾಗುತ್ತದೆ. ಹಾರಾಟದ ವೇಗದಲ್ಲಿ ಗಡಿಯಾರದ ಜೊತೆಜೊತೆಗೇ ಓಡಿದರೆ, ನೆಲದ ಮೇಲೆ ಮಂದಗತಿಯಲ್ಲಿ ನಿಂತಾಗ ಅರ್ಧ ವೇಗಕ್ಕೂ ಇಳಿಯುತ್ತದೆ.

ಕಾಯ್ದೆಯ ಪ್ರಕಾರ ಹಾರಾಟದ ಸಮಯ ಶುರುವಾಗುವುದು ಚಕ್ರ ನೆಲ ಬಿಟ್ಟಾಗಲ್ಲ. ಹಾರಲೆಂದು ವಿಮಾನ ತನ್ನ ಬಲದಿಂದ ಜರುಗಿದ ಕ್ಷಣದಿಂದ, ಮರಳಿ ಬಂದು ನಿಲ್ಲುವವರೆಗಿನದು ಲಾಗ್‌ಬುಕ್ಕಿಗೆ ಸೇರುತ್ತದೆ. ಈಗ ಲೆಕ್ಕ ಹಾಕಿ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಬೇಕು. ದೊಡ್ಡ ವಿಮಾನಗಳ ಸಾಲು ಕರಗಲಿ ಎಂದು ಕಾಯುತ್ತಾ ಪ್ರತಿ ಗಂಟೆಯಲ್ಲೂ 12 ನಿಮಿಷ ರನ್‌ವೇ ಬಾಯಲ್ಲೇ ಕಳೆದರೆ, 200ರಲ್ಲಿ 40 ಗಂಟೆ ನೆಲದ ಮೇಲೇ ಹೋಯಿತು. ದುಡ್ಡು 200 ಗಂಟೆಯದು, ಹಾರಿದ್ದು 160 ಗಂಟೆ. ಲಾಗ್‌ಬುಕ್ ಸುಳ್ಳಲ್ಲ, ಕಲಿಕೆ ಮಾತ್ರ ಕಡಿಮೆ.

‘ಹಾಗಾಗಿ ಯಾವುದೇ ಶಾಲೆಗೆ ಹೋದರೂ ಒಂದೇ ವಿಮಾನದ ಎರಡೂ ಮೀಟರಿನ ತಿಂಗಳ ಅಂಕಿ ಕೇಳಿ ಸಾರ್’ ಎಂದರು ಹಿರಿಯರು. ವ್ಯತ್ಯಾಸ ಇದ್ದೇ ಇರುತ್ತದೆ. ನಿಧಾನವಾಗಿ ಹಾರುವ, ಇಳಿಯುವ ಅಭ್ಯಾಸದಲ್ಲೂ ಟ್ಯಾಕೋಮೀಟರ್ ಹಿಂದೆ ಬೀಳುತ್ತದೆ. ಆದರೆ ಒಂದು ಶಾಲೆಯಲ್ಲಿ ಅಂತರ ಚಿಕ್ಕದಿದ್ದು ಇನ್ನೊಂದರಲ್ಲಿ ದುಪ್ಪಟ್ಟಿದ್ದರೆ, ಹುಡುಗರು ಎಲ್ಲಿ ಹೆಚ್ಚು ಹೊತ್ತು ಕಾಯುತ್ತಿದ್ದಾರೆ ಎಂಬುದನ್ನು ಯಾವ ಪುಸ್ತಿಕೆಯೂ ಇಷ್ಟು ನೇರವಾಗಿ ಹೇಳದು. ಬೇಸಾಯದ ಮನೆಯವನಾದ ನನಗೆ ಇದು ತಕ್ಷಣ ಹಿಡಿಸಿತು. ಎತ್ತು ಕೊಳ್ಳುವವನು ದಲ್ಲಾಳಿಯ ಮಾತು ಕೇಳಿಸಿಕೊಂಡರೂ ಹಲ್ಲು ಎಣಿಸಿಯೇ ನೋಡುತ್ತಾನೆ.

ಜಕ್ಕೂರಿನ ಚರಿತ್ರೆ ಗೊತ್ತಿದ್ದದ್ದೇ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹುಟ್ಟಿದ್ದು 1940ರ ದಶಕದ ಕೊನೆಗೆ. 1949ರಲ್ಲಿ ಅಲ್ಲಿಂದ ತೇರ್ಗಡೆಯಾದವರಲ್ಲಿ ಮೊದಲಿಗರು ಉಷಾ ಸುಂದರಂ. ಮರುವರ್ಷ ಅವರು ಪತಿಯ ಜೊತೆ ಡವ್ ವಿಮಾನವೊಂದನ್ನು ಇಂಗ್ಲೆಂಡಿನಿಂದ 27 ಗಂಟೆಯಲ್ಲಿ ಭಾರತಕ್ಕೆ ಹಾರಿಸಿ ತಂದರು. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್‌ಗಳು 1997ರಲ್ಲಿ ರೆಕ್ಕೆ ಬಿಚ್ಚಿದ್ದೂ ಇದೇ ಅಂಗಳದಲ್ಲಿ. ನಡುವೆ ಶಾಲೆ ವರ್ಷಗಟ್ಟಲೆ ಸೊರಗಿತು, ಎದುರಿಗೇ ಮೇಲ್ಸೇತುವೆ ಎದ್ದು ರನ್‌ವೇಯ ಬಳಕೆಯ ಉದ್ದಕ್ಕೆ ಪೆಟ್ಟು ಬಿತ್ತು. ಒಂದು ಕಡೆ ಯಲಹಂಕ ವಾಯುನೆಲೆ, ಇನ್ನೊಂದು ಕಡೆ ದೇವನಹಳ್ಳಿ ವಿಮಾನ ನಿಲ್ದಾಣ, ನಡುವೆ ಇಕ್ಕಟ್ಟಾದ ಆಕಾಶ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ, ಬಿಸಿಲೇರಿದರೆ ಗಾಳಿ ತೆಳುವಾಗಿ ವಿಮಾನ ಏಳಲು ಹೆಚ್ಚು ಓಡಬೇಕು. ಹೀಗಿದ್ದರೂ ಸರ್ಕಾರಿ ಅಂಗಳವೊಂದು ನಗರದೊಳಗೆ ಉಳಿದಿದೆ ಎಂಬುದು ನನಗೆ ಸಂತೋಷವೇ.

ಹಾರಾಟದ ಶಾಲೆಗಳ ಮೇಲಿನ ಅನುಮಾನಕ್ಕೆ ಕಾರಣವೂ ಇದೆ. 2011ರಲ್ಲಿ ನಕಲಿ ಪೈಲಟ್ ಲೈಸೆನ್ಸ್ ಹಗರಣ ಹೊರಬಿದ್ದಾಗ ದೇಶದ ಶಾಲೆಗಳ ಲಾಗ್‌ಬುಕ್ಕುಗಳೆಲ್ಲ ತಪಾಸಣೆಗೆ ಬಂದವು. ಹಾರದೆ ಬರೆದ ಗಂಟೆಗಳಿಗೆ ವೈಮಾನಿಕರಲ್ಲಿ ‘ಪಾರ್ಕರ್ ಪೆನ್ ಗಂಟೆ’ ಎಂಬ ಹೆಸರೇ ಇದೆ. 2020ರ ನಂತರ ಕೇಂದ್ರ ಸರ್ಕಾರ ನೀತಿ ಸಡಿಲಿಸಿ, ಬೆಳಗಾವಿ, ಕಲಬುರಗಿಯಂಥ ನಿಲ್ದಾಣಗಳಲ್ಲಿ ಹೊಸ ಶಾಲೆಗಳಿಗೆ ಜಾಗ ಕೊಟ್ಟಿತು. ವಿಮಾನಸಂಚಾರ ವಿರಳವಿರುವ ಇಂಥ ಕಡೆ ರನ್‌ವೇಗಾಗಿ ಕಾಯುವುದು ಕಡಿಮೆ ಎಂಬ ಕಾರಣಕ್ಕೇ ನನಗೆ ಇವುಗಳ ಮೇಲೆ ಒಲವು. 2025ರ ಅಕ್ಟೋಬರ್‌ನಿಂದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಶಾಲೆಗಳಿಗೆ ವರ್ಷಕ್ಕೆರಡು ಬಾರಿ ದರ್ಜೆ ಕೊಡುವ ಪದ್ಧತಿ ತಂದಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ಎರಡು ದರ್ಜೆಗೆ ಒಂದೂ ಶಾಲೆ ಏರಲಿಲ್ಲ. ಪಟ್ಟಿ ನೋಡುವುದು ಒಳ್ಳೆಯದೇ. ಆದರೆ ಅಲ್ಲಿಗೇ ನಿಲ್ಲಬಾರದು.

ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಹಿರಿಯರು ಬೇರೊಂದು ಊರಿನ ತಮ್ಮ ಪರಿಚಯದ ಹುಡುಗನಿಗೆ ಫೋನ್ ಹಚ್ಚಿಕೊಟ್ಟರು. ಸೇರಿ ಎರಡು ವರ್ಷ ಮೀರಿದೆ, ಆಗಿರುವುದು 118 ಗಂಟೆ. ‘ಹತ್ತು ವಿಮಾನ ಅಂತ ಹೇಳಿದ್ರು ಸರ್. ಹಾರುವ ಸ್ಥಿತಿಯಲ್ಲಿ ಇರೋದು ನಾಲ್ಕು. ಒಬ್ಬರು ಇನ್‌ಸ್ಟ್ರಕ್ಟರ್ ಏರ್‌ಲೈನ್‌ಗೆ ಹೋದ್ರು, ಇನ್ನೊಬ್ಬರು ಬರೋವರೆಗೆ ಕೂತಿದ್ವಿ.’ ಪೂರ್ತಿ ಶುಲ್ಕ ಮೊದಲೇ ಕಟ್ಟಿಬಿಟ್ಟಿದ್ದರಿಂದ ಬಿಡುವಂತಿಲ್ಲ, ಬೇರೆಡೆ ಸೇರುವಂತಿಲ್ಲ. ತಿಂಗಳುಗಟ್ಟಲೆ ಕೈ ಬಿಟ್ಟರೆ ಕಲಿತದ್ದು ಹಾರಿಹೋಗುತ್ತದೆ; ಅದನ್ನು ಮತ್ತೆ ಕಲಿಯುವುದಕ್ಕೂ ಗಂಟೆಯ ಲೆಕ್ಕದಲ್ಲೇ ಹಣ. ನಮ್ಮ ಜೊತೆ ಬಂದು ಅವನ ದನಿ ಕೇಳುತ್ತಿದ್ದ ಭಾವನ ಮುಖ ಸಣ್ಣದಾಯಿತು.

ಇನ್‌ಸ್ಟ್ರಕ್ಟರ್‌ಗಳಲ್ಲೂ ಮೆಟ್ಟಿಲುಗಳಿವೆ. ಸಹಾಯಕ ಇನ್‌ಸ್ಟ್ರಕ್ಟರ್ ಕಲಿಸಬಹುದು, ಆದರೆ ಮೊದಲ ಸೋಲೋ ಹಾರಾಟಕ್ಕೆ ಮೇಲಿನ ದರ್ಜೆಯವರ ಒಪ್ಪಿಗೆ ಬೇಕು. ಅಂಥವರು ಊರಲ್ಲಿಲ್ಲದಿದ್ದರೆ ಹುಡುಗಿ ಎಷ್ಟೇ ಚುರುಕಿದ್ದರೂ ಒಂಟಿಯಾಗಿ ಹಾರುವ ದಿನ ಮುಂದೆ ಹೋಗುತ್ತಲೇ ಇರುತ್ತದೆ. ‘ಈ ತಿಂಗಳು ಸೋಲೋಗೆ ಬಿಟ್ಟವರು ಯಾರು, ಅವರು ಇನ್ನೂ ಇಲ್ಲೇ ಇದ್ದಾರಾ?’ ಎಂದು ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ಹೊರಡುವಾಗ ಹಿರಿಯರು ಇನ್ನೊಂದು ಮಾತು ಸೇರಿಸಿದರು. ಶಾಲೆಗಿಂತ ಮೊದಲು ವೈದ್ಯಕೀಯ ತಪಾಸಣೆ. ಕ್ಲಾಸ್ 2 ತಪಾಸಣೆ ಆಗಿ, ಕ್ಲಾಸ್ 1 ಪ್ರಮಾಣಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು. ಕ್ಲಾಸ್ 1 ತಪಾಸಣೆ ನಡೆಸುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ನಮ್ಮ ಬೆಂಗಳೂರಲ್ಲೇ ಇದೆ. ನ್ಯಾವಿಗೇಷನ್, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯಗಳ ಪರೀಕ್ಷೆಗಳಲ್ಲಿ 70 ಅಂಕ ಬೇಕು. ಅವನ್ನೂ ಆದಷ್ಟು ಮೊದಲೇ ಮುಗಿಸಿಕೊಂಡರೆ ಶಾಲೆಯಲ್ಲಿ ಹಾರುವುದೊಂದೇ ಕೆಲಸ ಉಳಿಯುತ್ತದೆ.

ಊರಿಗೆ ಮರಳಿದ ಮೇಲೆ ಹುಡುಗಿ ಪುಸ್ತಿಕೆಗಳನ್ನು ಬದಿಗಿಟ್ಟು, ನೋಟ್‌ಬುಕ್ಕಿನಲ್ಲಿ ತನ್ನದೇ ಪ್ರಶ್ನೆಗಳನ್ನು ಬರೆದುಕೊಂಡಿದ್ದಾಳೆ. ರಿಯಾಯಿತಿಯ ಶಾಲೆಗೆ ಫೋನ್ ಮಾಡಿ ಕೇಳಿದಳು: ಕಂತಿನಲ್ಲಿ ಕಟ್ಟಬಹುದೇ? ನಡುವೆ ಬಿಟ್ಟರೆ ಹಾರದ ಗಂಟೆಯ ಹಣ ವಾಪಸು ಬರುತ್ತದೆಂದು ಬರೆದುಕೊಡುತ್ತೀರಾ? ಆ ದಿನದಿಂದ ಅಲ್ಲಿಂದ ಫೋನ್ ಬಂದಿಲ್ಲ.

ಶಾಲೆಗಳಿಗೂ ಡಿಜಿಸಿಎಗೂ ನನ್ನದೊಂದು ಕೋರಿಕೆ. ಪೆಟ್ರೋಲ್ ಬಂಕಿನವರು ದಿನದ ದರ ಬರೆದು ಹಾಕುವಂತೆ, ಪ್ರತಿ ಫ್ಲೈಯಿಂಗ್ ಸ್ಕೂಲಿನ ಗೇಟಿನಲ್ಲೂ ಮೂರು ಅಂಕಿ ಇರಲಿ: ಇಂದು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಇಂದು ಹಾಜರಿರುವ ಇನ್‌ಸ್ಟ್ರಕ್ಟರ್‌ಗಳೆಷ್ಟು, ಕಳೆದ ತಂಡ 200 ಗಂಟೆ ಮುಗಿಸಲು ಹಿಡಿದ ತಿಂಗಳುಗಳೆಷ್ಟು. ತೋಟ ಅಡವಿಡಲು ಹೊರಟ ಅಪ್ಪನೊಬ್ಬ ಇದನ್ನು ಫೋನಿನಲ್ಲಿ ಗೋಗರೆದು ಕೇಳುವಂತಾಗಬಾರದು.