ಉಪ್ಪಿನ ಡಬ್ಬಿ ನಿಮ್ಮ ಕೈಯಲ್ಲಿದೆ

ಮೈಸೂರಿನ ನಮ್ಮ ಸಿದ್ಧಾರ್ಥನಗರದಲ್ಲಿ ಫಜ್ರ್ ನಮಾಝ್ ಮುಗಿಯುವ ಹೊತ್ತಿಗೆ ವಾಕಿಂಗ್ ಹೊರಡುವವರಲ್ಲಿ ಗಂಡಸರೇ ಹೆಚ್ಚು. ಗೃಹಿಣಿ ಆಗಲೇ ಅಡುಗೆಮನೆ ಸೇರಿರುತ್ತಾಳೆ. ಮಕ್ಕಳ ಟಿಫಿನ್, ಅತ್ತೆಯ ಮಾತ್ರೆ, ಗಂಡನ ಬಿ.ಪಿ. ಎಲ್ಲವೂ ಅವಳಿಗೆ ನೆನಪಿದೆ. ಆದರೆ ತನ್ನ ಬಿ.ಪಿ. ಎಷ್ಟೆಂದು ಅವಳಿಗೆ ಗೊತ್ತಿಲ್ಲ.

ನಮ್ಮ ಬೀದಿಯ ಸಹೋದರಿಯೊಬ್ಬರು ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದರು. ಡಾಕ್ಟರು ಇವರ ತೋಳಿಗೂ ಪಟ್ಟಿ ಸುತ್ತಿ ನೋಡಿದರೆ 170/100! "ನನಗೆ ತಲೆನೋವು ಕೂಡ ಇಲ್ವಲ್ಲಾ ಡಾಕ್ಟ್ರೇ" ಎಂದು ಅವರು ಬೆಚ್ಚಿಬಿದ್ದರು.

ಈ ಕಾಯಿಲೆಯ ಮೋಸವೇ ಇದು. ಯಾವ ಸೂಚನೆಯನ್ನೂ ಕೊಡದೆ ಹೃದಯ, ಮೆದುಳು, ಮೂತ್ರಪಿಂಡ, ಕಣ್ಣುಗಳನ್ನು ಹಾಳು ಮಾಡುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ಇದು ಇದೆ.

ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ಮೀರದಷ್ಟು ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐವರು ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 40 ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ? ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ, ಗೊತ್ತಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಚಿಪ್ಸ್, ಬೇಕರಿ ತಿನಿಸುಗಳ ಉಪ್ಪು ಈ ಲೆಕ್ಕದ ಹೊರಗೇ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ.

ಒಮ್ಮೆಲೇ ಬಿಡಬೇಕಿಲ್ಲ, ವಾರವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ನಿಂಬೆರಸ, ಕಾಳುಮೆಣಸು, ಕೊತ್ತಂಬರಿ, ಪುದೀನ ರುಚಿ ಕಾಯುತ್ತವೆ. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ರಮಝಾನಿನಲ್ಲಿ ಇಫ್ತಾರಿಗೆ ಸಮೋಸಾ, ಪಕೋಡಾ ತಗ್ಗಿಸಿ ಖರ್ಜೂರ, ಹಣ್ಣು ಹೆಚ್ಚಿಸಿ.

ತಾಯಿಯ ತಟ್ಟೆ

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೆ ಪಲ್ಯ ಉಳಿದಿರುವುದಿಲ್ಲ. ಅನ್ನ, ಉಪ್ಪಿನಕಾಯಿಯಲ್ಲೇ ಊಟ ಮುಗಿಯುತ್ತದೆ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ, ಅದರಲ್ಲೂ ತಾಯಿಯ ತೂಕವೂ ಕಡಿಮೆಯಿದ್ದವರಲ್ಲಿ, ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂತು. ತಾಯಿಯ ತಟ್ಟೆ ಮುಂದಿನ ಪೀಳಿಗೆಯ ಹೃದಯಕ್ಕೂ ಸಂಬಂಧಿಸಿದ್ದು ಎಂದಾಯಿತು.

ಆದ್ದರಿಂದ ಸೊಪ್ಪು, ತರಕಾರಿ, ಬೇಳೆ, ರಾಗಿ, ಮಜ್ಜಿಗೆ, ಬಾಳೆಹಣ್ಣುಗಳಲ್ಲಿ ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಹಣ್ಣು, ಎಳನೀರಿನ ವಿಷಯದಲ್ಲಿ ಡಾಕ್ಟರನ್ನು ಕೇಳಬೇಕು. ಗರ್ಭಿಣಿಯರು ಪ್ರತಿ ತಪಾಸಣೆಯಲ್ಲೂ ಬಿ.ಪಿ. ನೋಡಿಸಿಕೊಳ್ಳಲೇಬೇಕು.

ಅರ್ಧ ಗಂಟೆಯ ನಡಿಗೆ

"ದಿನವಿಡೀ ಮನೆಗೆಲಸ, ಇನ್ನೇನು ವ್ಯಾಯಾಮ?" ಎನ್ನುತ್ತೀರಾ? ಎದೆಬಡಿತ ತುಸು ಏರುವಂತೆ ಬಿರುಸಾಗಿ ನಡೆಯುವುದೇ ಬೇರೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ನಡೆಯಿರಿ. ಹತ್ತತ್ತು ನಿಮಿಷವಾಗಿ ಮೂರು ಸಲ ನಡೆದರೂ ಆಗುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಈಗಲೇ ಬೇಡ. ಸಮತಟ್ಟಾದ ರಸ್ತೆ ಸಾಕು. ನೆರೆಯ ಸಹೋದರಿಯರನ್ನೂ ಜೊತೆಗೆ ಕರೆದುಕೊಳ್ಳಿ.

ಮಾತ್ರೆ ಬಿಡಬೇಡಿ

ಆ ಸಹೋದರಿ ಮಾತ್ರೆ ನುಂಗಿದರು, ಉಪ್ಪು ಇಳಿಸಿದರು, ನಡೆದರು. ಕೆಲವು ತಿಂಗಳಲ್ಲಿ ಬಿ.ಪಿ. ಹತೋಟಿಗೆ ಬಂತು. "ಇನ್ನು ಮಾತ್ರೆ ನಿಲ್ಲಿಸಲಾ?" ಎಂದು ಕೇಳಿದಾಗ ಡಾಕ್ಟರು ತಲೆಯಲ್ಲಾಡಿಸಿದರು. ಪಥ್ಯ, ನಡಿಗೆ ಮಾತ್ರೆಯ ಜೊತೆಗಾರರು. ಮಾತ್ರೆ ಕಡಿಮೆ ಮಾಡುವುದನ್ನೂ, ಉಪವಾಸದಲ್ಲಿ ಹೊತ್ತು ಬದಲಿಸುವುದನ್ನೂ ಡಾಕ್ಟರೇ ಹೇಳಬೇಕು.

ನಮ್ಮ ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮನೆಯವರೆಲ್ಲರ ಹಕ್ಕು ತೀರಿಸುವ ಸಹೋದರಿಯೇ, ಈ ವಾರ ಒಮ್ಮೆ ನಿಮ್ಮ ತೋಳನ್ನೂ ಚಾಚಿ. ಎಷ್ಟು ಬಂತೆಂದು ಬರೆದಿಟ್ಟುಕೊಳ್ಳಿ.