ಕಣ್ಣೊಳಗಿನ ಪದರ ಕಳಚಿದಾಗ

ಕಣ್ಣೆದುರು ದಿಢೀರನೆ ಕಪ್ಪು ಚುಕ್ಕೆಗಳು ತೇಲುತ್ತಿವೆಯೇ? ಮಿಂಚು ಹೊಡೆದಂತಾಗಿ, ಒಂದು ಪಕ್ಕದಿಂದ ಕರಿ ನೆರಳು ಆವರಿಸುತ್ತಿದೆಯೇ? ರೆಟಿನಾ ಕಳಚುತ್ತಿರಬಹುದು; ನೋವಿಲ್ಲ ಅಂತ ಸುಮ್ಮನಿರಬೇಡಿ. ಇವತ್ತೇ ಕಣ್ಣಾಸ್ಪತ್ರೆಗೆ ಹೋಗಿ.

ರೆಟಿನಾ ಅಂದರೆ ಕಣ್ಣಿನ ಒಳಗೋಡೆಯ ತೆಳು ಪದರ. ಅದರಲ್ಲಿ ತೂತಾದರೆ ಒಳಗಿನ ದ್ರವ ಹಿಂದಕ್ಕೆ ನುಗ್ಗಿ, ನೀರು ಹೊಕ್ಕ ಗೋಡೆಯ ಸುಣ್ಣದ ಹಾಗೆ ಪದರ ಏಳುತ್ತದೆ. ನಡುಭಾಗವಾದ ಮ್ಯಾಕ್ಯುಲಾ ಕಳಚುವ ಮೊದಲೇ ಬಂದರೆ ದೃಷ್ಟಿ ಚೆನ್ನಾಗಿ ಉಳಿಯುವ ಸಾಧ್ಯತೆ ಹೆಚ್ಚು.

ಒಂದು ಕಾಲಕ್ಕೆ ಇದಕ್ಕೆ ಮದ್ದೇ ಇಲ್ಲ ಅನ್ನುತ್ತಿದ್ದರು. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಜೂಲ್ ಗೊನಾಂ, ತೂತು ಹುಡುಕಿ ಮುಚ್ಚಿದರೆ ಪದರ ಮತ್ತೆ ಕೂರುತ್ತದೆ ಎಂದು ತೋರಿಸಿಕೊಟ್ಟರು. ಎಂಥ ದೊಡ್ಡ ಉಪಕಾರ!

ತೂತು ಮುಚ್ಚಲು ಕೆಲವರಿಗೆ ಕಣ್ಣುಗುಡ್ಡೆಯ ಹೊರಗೆ ಸಿಲಿಕೋನ್ ಪಟ್ಟಿ ಹೊಲಿಯುತ್ತಾರೆ. ಈಗ ಹೆಚ್ಚಾಗಿ ಮಾಡುವುದು ವಿಟ್ರೆಕ್ಟಮಿ. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಮೂರು ರಂಧ್ರ. ಅವುಗಳ ಮೂಲಕ ಒಳಗಿನ ಲೋಳೆಯನ್ನು ಕತ್ತರಿಸಿ ಹೀರುತ್ತಾರೆ. ಪದರವನ್ನು ಕೂರಿಸಿ, ತೂತಿನ ಸುತ್ತ ಲೇಸರ್ ಹಾಕಿ, ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ.

ಗ್ಯಾಸಿನ ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ. ಅದು ತೂತನ್ನು ಒತ್ತಿ ಹಿಡಿಯಲಿ ಅಂತಲೇ ತಲೆ ಬಗ್ಗಿಸಿಯೋ, ಒಂದು ಮಗ್ಗುಲಿಗೋ ದಿನಗಟ್ಟಲೆ ಇರಲು ಹೇಳುವುದು. ಕತ್ತು ಹಿಡಿಯುತ್ತದೆ, ಬೇಸರ ಬರುತ್ತದೆ, ನಿಜ. ಮನೆಯವರೇ, ಪಕ್ಕದಲ್ಲಿ ಕೂತು ಮಾತಾಡಿಸುತ್ತಿರಿ.

ಗ್ಯಾಸ್ ಕರಗುವ ತನಕ ವಿಮಾನ ಹತ್ತಲೇಬಾರದು. ಮಂಗಳೂರಿನಲ್ಲಿ ಆಪರೇಷನ್ ಮುಗಿಸಿ ಚಾರ್ಮಾಡಿ ಘಾಟಿ ಹತ್ತುವವರೂ ಮೊದಲು ವೈದ್ಯರನ್ನು ಕೇಳಿ. ಎತ್ತರದಲ್ಲಿ ಗ್ಯಾಸ್ ಹಿಗ್ಗಿ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಎಣ್ಣೆ ಹಾಕಿದ್ದರೆ ಈ ಭಯವಿಲ್ಲ. ಆದರೆ ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಅದನ್ನು ತೆಗೆಸಲು ಇನ್ನೊಂದು ಆಪರೇಷನ್ ಬೇಕು.