ನವಿಲುತೀರ್ಥದ ನೀರು ಅಂಕಿಯಾಗುವ ಬಗೆ

ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲ ತಾಲ್ಲೂಕನ್ನು ಹಾದು ಬರುವ ಮಲಪ್ರಭೆಯನ್ನು ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಿದ ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ, ಸಾಮರ್ಥ್ಯ ಸುಮಾರು 37.73 ಟಿಎಂಸಿ. ಮಳೆಗಾಲದಲ್ಲಿ ಜನ ದಿನವೂ ಕೇಳುವ ಇಂಥ ಮಟ್ಟದ ಅಂಕಿಯಲ್ಲಿ ಚುಕ್ಕಿಯ ಮುಂದಿನ ಸ್ಥಾನಗಳನ್ನು ಎಷ್ಟು ನಂಬಬೇಕೆಂಬುದು ಅದನ್ನು ಅಳೆದ ಬಗೆಯನ್ನು ಅವಲಂಬಿಸಿದೆ.

ವಿದ್ಯುನ್ಮಾನ ಅಳತೆಯ ಮೊದಲ ಕೊಂಡಿ ಸಂವೇದಕ, ಅಂದರೆ ಸೆನ್ಸರ್. ನೀರಿನ ತಳದಲ್ಲಿಟ್ಟ ಒತ್ತಡ ಸಂವೇದಕದ ಮೇಲೆ ಪ್ರತಿ 10 ಮೀಟರ್ ಆಳಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರ ಬೀಳುತ್ತದೆ. ಅದು ಈ ಒತ್ತಡವನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಸೊನ್ನೆಯ ಬದಲು 4ರಿಂದ ಆರಂಭಿಸುವುದು ಜಾಣತನವೇ ಸರಿ, ಏಕೆಂದರೆ ತಂತಿ ತುಂಡಾದಾಗಲಷ್ಟೇ ಪ್ರವಾಹ ಸೊನ್ನೆಯಾಗುವುದರಿಂದ ಬತ್ತಿದ ಕೆರೆಗೂ ಕೆಟ್ಟ ಉಪಕರಣಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಈ ವಿದ್ಯುತ್ತನ್ನು ಅಂಕಿಯಾಗಿಸುವ ಪರಿವರ್ತಕ 10 ಬಿಟ್‌ನದಾದರೆ 40 ಮೀಟರಿನ ವ್ಯಾಪ್ತಿಯನ್ನು 1024 ಮೆಟ್ಟಿಲುಗಳಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು ಸುಮಾರು 4 ಸೆಂಟಿಮೀಟರ್. 12 ಬಿಟ್‌ನದರಲ್ಲಿ ಅದು 1 ಸೆಂಟಿಮೀಟರಿಗೆ ಇಳಿಯುತ್ತದೆ. ಗುರುತಿಸಬಲ್ಲ ಈ ಅತಿಸಣ್ಣ ವ್ಯತ್ಯಾಸವೇ ರೆಸಲ್ಯೂಶನ್. ಒಂದು ಚದರ ಕಿಲೋಮೀಟರ್ ನೀರಹರವಿನಲ್ಲಿ 1 ಸೆಂಟಿಮೀಟರ್ ಎಂದರೆ 1 ಕೋಟಿ ಲೀಟರ್ ಆಗುವುದರಿಂದ ಇದನ್ನು ಕಡೆಗಣಿಸುವಂತಿಲ್ಲ. ಆದರೆ ರೆಸಲ್ಯೂಶನ್ ಎಂದರೆ ನಿಖರತೆಯಲ್ಲ. ಸಂವೇದಕ ಕಾಲಕ್ರಮದಲ್ಲಿ 5 ಸೆಂಟಿಮೀಟರ್ ಜರುಗಿದ್ದರೆ, ಎಷ್ಟು ಸಲ ಅಳೆದರೂ ಅದೇ ತಪ್ಪು ಅಂಕಿಯನ್ನು ಮಿಲಿಮೀಟರ್ ಸಮೇತ ಒಪ್ಪಿಸುತ್ತದೆ. ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಹಳೆಯ ಅಳತೆಪಟ್ಟಿಯೊಡನೆ ಅದನ್ನು ಆಗಾಗ ತಾಳೆ ನೋಡಿ ಸರಿಪಡಿಸುವುದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ.

ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕೆಂಬುದು ಸ್ಯಾಂಪ್ಲಿಂಗ್ ದರ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದಂಥ ಸಂದರ್ಭದಲ್ಲಿ ಬೆಳಿಗ್ಗೆ 8ಕ್ಕೆ ಒಮ್ಮೆ ಮಾತ್ರ ಅಳೆದರೆ, ನಡುರಾತ್ರಿ ಏರಿ ಇಳಿದ ನೆರೆಯ ನೆತ್ತಿ ದಾಖಲೆಗೇ ಬರುವುದಿಲ್ಲ. ಗಾಳಿಯ ಅಲೆಗಳ ತೊಡಕು ಬೇರೆ ಬಗೆಯದು: ಹತ್ತು ನಿಮಿಷಕ್ಕೊಂದು ಅಳತೆ ತೆಗೆದಾಗ ಒಮ್ಮೆ ಅಲೆಯ ತುದಿ, ಒಮ್ಮೆ ತಗ್ಗು ಸಿಕ್ಕಿ, ಜಲಾಶಯವೇ ನಿಧಾನವಾಗಿ ಉಬ್ಬಿಳಿದಂಥ ಹುಸಿ ಏರಿಳಿತ ಮೂಡುತ್ತದೆ. ಅದಕ್ಕಾಗಿ ಸಂವೇದಕವನ್ನು ಕಿರಿದಾದ ತೂತಿನ ಮೂಲಕ ನೀರು ಬರುವ ಕೊಳವೆಬಾವಿಯಂಥ ಗೂಡಿನಲ್ಲಿ ಇಳಿಬಿಡುತ್ತಾರೆ. ತೂತು ಕಿರಿದಾದಷ್ಟೂ ಅಲೆ ಅಡಗುತ್ತದೆ, ತೀರ ಕಿರಿದಾದರೆ ನೆರೆಯ ಏರಿಕೆಯೂ ಒಳಗೆ ತಡವಾಗಿ ತಲುಪುತ್ತದೆ.